ಮಾತು ಕೇಳದ ಅಂಗಗಳು

ಬರೆಯುವ ಕೈ ಸೊಟ್ಟಗಾದರೆ ಜನರು ಅದನ್ನು ಸೋಮಾರಿತನವೆನ್ನುವರು. ಕತ್ತು ತಾನಾಗಿ ಒಂದು ಕಡೆಗೆ ತಿರುಗಿ ನಿಂತರೆ ಗಾಳಿ ಸೋಕಿತೆನ್ನುವರು. ನಡೆಯುವಾಗ ಹುಡುಗನ ಪಾದ ತಿರುಚಿಕೊಂಡರೆ ಹಟವೆಂದು ಗದರಿಸುವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ನಮ್ಮ ಗೃಹಸ್ಥರಿಗೆ ಈ ಮಾತುಗಳು ಹೊಸವಲ್ಲ. ಆದರೆ ಇವು ಮೂರೂ ಒಂದೇ ಜಾತಿಯ ವ್ಯಾಧಿಯ ಲಕ್ಷಣಗಳಾಗಿರಬಹುದು. ಆ ವ್ಯಾಧಿಯ ಮೂಲವು ಅಂಗದಲ್ಲಿಲ್ಲ, ಶೀಲದಲ್ಲಿಯೂ ಇಲ್ಲ, ಮಿದುಳಿನಲ್ಲಿದೆ.

ವೈದ್ಯರು ಇದನ್ನು ಡಿಸ್ಟೋನಿಯಾ ಎಂದು ಕರೆಯುತ್ತಾರೆ. 1911ರಲ್ಲಿ ಬರ್ಲಿನ್ ನಗರದ ಹರ್ಮನ್ ಓಪನ್‌ಹೈಮ್ ಎಂಬ ನರವೈದ್ಯನು ಈ ಹೆಸರನ್ನು ಬಳಕೆಗೆ ತಂದನು. ಪದವು ಗ್ರೀಕ್ ಮೂಲದ್ದಾದರೂ ಸಂಸ್ಕೃತ ಬಲ್ಲವರಿಗೆ ತೀರ ಅಪರಿಚಿತವಲ್ಲ. ಅದರ ಮೊದಲ ಭಾಗವು ನಮ್ಮ ‘ದುಸ್’ ಎಂಬ ಉಪಸರ್ಗದ ಸೋದರ. ಎರಡನೆಯದು ತಂತು, ತಂತ್ರಿಗಳಿಗೆ ಮೂಲವಾದ ‘ತನ್’ ಧಾತುವಿನ ಬಂಧು. ವೀಣೆಯ ತಂತಿಯನ್ನು ಹದಮೀರಿ ಬಿಗಿದರೆ ಸ್ವರ ಕೆಡುವಂತೆ, ಸ್ನಾಯುಗಳ ಬಿಗಿತವು ಹದಮೀರಿದರೆ ಚಲನೆ ಕೆಡುವುದು.

ಈ ವ್ಯಾಧಿಯ ನಡೆಯು ವಿಚಿತ್ರವಾದುದು. ಲೇಖನಿ ಹಿಡಿದೊಡನೆ ಬಿಗಿದು ತಿರುಚಿಕೊಳ್ಳುವ ಕೈಯೇ ಮುದ್ದೆ ಮುರಿಯುವಾಗ, ಹೂ ಕಟ್ಟುವಾಗ ಸರಾಗವಾಗಿ ಆಡುವುದುಂಟು. ತಿರುಗಿದ ಕತ್ತು, ಗಲ್ಲಕ್ಕೆ ಒಂದು ಬೆರಳು ಸೋಕಿಸಿದ ಮಾತ್ರಕ್ಕೆ ನೆಟ್ಟಗಾಗುವುದುಂಟು. ನಿದ್ರೆಯಲ್ಲಿ ತೊಂದರೆಯು ಬಹುಮಟ್ಟಿಗೆ ಅಡಗುವುದು. ಇದನ್ನು ಕಂಡವರು “ಬೇಕೆಂದೇ ಮಾಡುತ್ತಾನೆ” ಎಂದು ತೀರ್ಮಾನಿಸಿದರೆ ಆಶ್ಚರ್ಯವೇನು? ವೈದ್ಯರಲ್ಲಿಯೂ ಅನೇಕರು ಬಹುಕಾಲ ಇದನ್ನು ಮನೋವಿಕಾರವೆಂದೇ ಎಣಿಸಿದ್ದರು. 1982ರಲ್ಲಿ ಲಂಡನ್ನಿನ ಶೀಹಿ ಮತ್ತು ಮಾರ್ಸ್‌ಡನ್ ಎಂಬ ವೈದ್ಯರು, ಬರೆಯುವವರ ಕೈಸೆಳೆತವು ಡಿಸ್ಟೋನಿಯಾದ ಒಂದು ಪ್ರಭೇದವೆಂದು ಪ್ರತಿಪಾದಿಸಿದರು.

ಹಾಗಾದರೆ ಮಿದುಳಿನಲ್ಲಿ ನಡೆಯುವುದೇನು? ಮಿದುಳಿನ ಆಳದಲ್ಲಿ ಬೂದುಬಣ್ಣದ ಕೆಲವು ಗಂಟುಗಳಿವೆ. ಬೇಕಾದ ಚಲನೆಗೆ ದಾರಿಬಿಟ್ಟು ಬೇಡವಾದುದನ್ನು ತಡೆಯುವುದು ಅವುಗಳ ಮುಖ್ಯ ಕೆಲಸಗಳಲ್ಲೊಂದು. ಬೆರಳನ್ನು ಮಡಿಸುವ ಸ್ನಾಯು ದುಡಿಯುವಾಗ ಅದನ್ನು ನೀಡುವ ಸ್ನಾಯು ಸುಮ್ಮನಿರಬೇಕು. ಈ ತಡೆಯು ಸಡಿಲವಾದರೆ ಎರಡೂ ಏಕಕಾಲದಲ್ಲಿ ಸೆಳೆಯುತ್ತವೆ; ಅಂಗವು ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಬಂಡಿಯಂತಾಗುವುದು. ಇದಲ್ಲದೆ ಮಿದುಳಿನ ಮೇಲ್ಪದರದಲ್ಲಿ ಒಂದೊಂದು ಬೆರಳಿನ ಸ್ಪರ್ಶಕ್ಕೂ ಒಂದೊಂದು ಸ್ಥಾನವಿದೆ. ಕೈಯ ಡಿಸ್ಟೋನಿಯಾ ಉಳ್ಳವರಲ್ಲಿ ಈ ಸ್ಥಾನಗಳು ಗದ್ದೆಯ ಬದು ಅಳಿಸಿಹೋದಂತೆ ಒಂದರೊಳಗೊಂದು ಬೆರೆತಿರುವುದನ್ನು ಶೋಧಕರು ಕಂಡಿದ್ದಾರೆ. ಹಿಂದಲೆಯಲ್ಲಿರುವ ಕಿರುಮಿದುಳಿಗೂ ಈ ಗೊಂದಲದಲ್ಲಿ ಪಾಲುಂಟು.

ಇಷ್ಟಾದರೂ ಅನೇಕ ರೋಗಿಗಳ ಮಿದುಳಿನ ಚಿತ್ರವನ್ನು ಆಸ್ಪತ್ರೆಯಲ್ಲಿ ತೆಗೆದಾಗ ಅದು ಸರಿಯಾಗಿಯೇ ತೋರುವುದು. ರಚನೆಯು ಕೆಟ್ಟಂತೆ ಕಾಣದಿದ್ದರೂ ವ್ಯಾಪಾರವು ಕೆಟ್ಟಿರಬಹುದು. ಆದುದರಿಂದ “ಚಿತ್ರದಲ್ಲಿ ಏನೂ ಇಲ್ಲ” ಎಂಬ ಮಾತು “ರೋಗವೇ ಇಲ್ಲ” ಎಂಬುದಕ್ಕೆ ಸಮಾನವಲ್ಲ.

ಇನ್ನು ಕೆಲವರಲ್ಲಿ ರಚನೆಯೇ ಕೆಡುವುದು. ಇದಕ್ಕೆ ವಿಲ್ಸನ್ ರೋಗವು ಮುಖ್ಯ ಉದಾಹರಣೆ. ಆಹಾರದಿಂದ ಬಂದ ಹೆಚ್ಚಿನ ತಾಮ್ರವನ್ನು ಯಕೃತ್ತು ಹೊರಹಾಕಲಾರದೆ, ಅದು ಯಕೃತ್ತಿನಲ್ಲಿಯೂ ಮಿದುಳಿನ ಆ ಗಂಟುಗಳಲ್ಲಿಯೂ ಶೇಖರವಾಗುವುದು. ತಾಮ್ರದ ಚೆಂಬಿನ ನೀರು ಇದಕ್ಕೆ ಕಾರಣವಲ್ಲ. ತಂದೆತಾಯಿಗಳಿಬ್ಬರಿಂದಲೂ ಬಂದ ಹುಟ್ಟುದೋಷವೇ ಕಾರಣ. ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆಯುಳ್ಳ ನಮ್ಮ ಸೀಮೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ರಕ್ತಸಂಬಂಧದ ವಿವಾಹದಲ್ಲಿ ಇಂತಹ ದೋಷಗಳು ಕೂಡುವ ಸಂಭವ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಈ ರೋಗಕ್ಕೆ ಔಷಧವುಂಟು. ಆದರೆ ಬೇಗ ಆರಂಭಿಸಿ ಜೀವನಪರ್ಯಂತ ಸೇವಿಸಬೇಕು. ಒಂದು ಮಗುವಿಗೆ ರೋಗವು ಕಂಡರೆ, ಒಡಹುಟ್ಟಿದವರು ಆರೋಗ್ಯವಾಗಿ ತೋರಿದರೂ ಅವರನ್ನು ಪರೀಕ್ಷೆಗೆ ಒಯ್ಯಬೇಕು.

ಮತ್ತೊಂದು ಬಗೆಯೂ ಉಂಟು. ಬೆಳಗ್ಗೆ ಚೆನ್ನಾಗಿ ನಡೆದ ಮಗು ಸಂಜೆಯಾಗುತ್ತ ಕಾಲು ತಿರುಚಿಕೊಂಡು ನಡೆಯುವುದು. ಲೀವೋಡೋಪಾ ಎಂಬ ಔಷಧದ ಅಲ್ಪಪ್ರಮಾಣದಿಂದಲೇ ಇಂತಹ ಮಕ್ಕಳಲ್ಲಿ ಅನೇಕರು ಆಶ್ಚರ್ಯಕರವಾಗಿ ಚೇತರಿಸಿಕೊಳ್ಳುತ್ತಾರೆ. ಸಂಜೆಯ ನಡೆಯನ್ನು ನೋಡತಕ್ಕವರು ಮನೆಯವರೇ. ಅದನ್ನು ವೈದ್ಯರಿಗೆ ತಿಳಿಸುವ ಹೊಣೆಯೂ ಅವರದೇ. ಉಳಿದವರಿಗೆ, ಬಿಗಿದ ಸ್ನಾಯುವಿಗೆ ಬೊಟುಲಿನಮ್ ಎಂಬ ದ್ರವ್ಯವನ್ನು ಸೂಜಿಯಿಂದ ಕೊಟ್ಟರೆ ಸುಮಾರು ಮೂರು ತಿಂಗಳ ಮಟ್ಟಿಗೆ ಉಪಶಮನವಾಗುವುದು. ತೀವ್ರವಾದಾಗ ಮಿದುಳಿನ ಆಳಕ್ಕೆ ಸಣ್ಣ ತಂತಿಯನ್ನಿಳಿಸಿ ವಿದ್ಯುತ್ತಿನಿಂದ ಚಿಕಿತ್ಸೆ ಮಾಡುವುದೂ ಉಂಟು.

ನಿಮ್ಹಾನ್ಸ್ ಎಂದೊಡನೆ “ಹುಚ್ಚಾಸ್ಪತ್ರೆ” ಎಂದು ಹಿಂಜರಿಯುವವರು ನಮ್ಮಲ್ಲಿದ್ದಾರೆ. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಹುಟ್ಟಿದ ಆ ಸಂಸ್ಥೆಯಲ್ಲಿ ನರರೋಗಗಳಿಗೂ ಚಿಕಿತ್ಸೆ ನಡೆಯುತ್ತಿದೆ. 2017ರಿಂದ ಹಾಸನದ ರೈಲು ಚನ್ನರಾಯಪಟ್ಟಣದ ಮೇಲೆಯೇ ಬೆಂಗಳೂರಿಗೆ ಹೋಗುವುದಾಗಿ ದಾರಿಯೂ ದೂರವೆನಿಸದು. ಮೊದಲು ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಯ ವೈದ್ಯರು ಹೇಳಿದಂತೆ ಮುಂದುವರಿಯಬಹುದು.

ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳ ಕಾಪಿಪುಸ್ತಕಗಳನ್ನು ತಿದ್ದಿದವನಾಗಿ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಒಂದು ಮಾತು. ಚೆನ್ನಾಗಿದ್ದ ಅಕ್ಷರವು ಕಾರಣವಿಲ್ಲದೆ ಕೆಡುತ್ತ ಬಂದರೆ ಬೆತ್ತಕ್ಕೆ ಕೈಹಾಕುವ ಮೊದಲು ಆ ಮಗುವಿನ ಬೆರಳುಗಳನ್ನು ನೋಡಿರಿ. ಗದರಿಕೆಯಿಂದ ಈ ಬಿಗಿತವು ಸಡಿಲವಾಗದು. ವಿಳಂಬದಿಂದ, ಗುಣವಾಗಬಹುದಾದ ರೋಗವೂ ಬೇರೂರುವುದು.