ಪಾಚಿಯ ಪದರಕ್ಕೆ ಗಾಳಿಗುಳ್ಳೆಯ ಮದ್ದು

1895ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಹೈನ್‌ರಿಷ್ ಕ್ಲೇಬಾನ್ ನೀಲಿ-ಹಸಿರು ಪಾಚಿ ತೇಲುತ್ತಿದ್ದ ನೀರನ್ನು ಬಾಟಲಿಗೆ ಕಂಠಮಟ್ಟ ತುಂಬಿ ಬಿಗಿಯಾಗಿ ಬಿರಡೆ ಜಡಿದರು. ಬಿರಡೆಯ ಮೇಲೆ ಸುತ್ತಿಗೆಯಿಂದ ಒಂದೇಟು ಹಾಕಿದರು. ಆವರೆಗೆ ಮೇಲೇರುತ್ತಿದ್ದ ಪಾಚಿ ತಳಕ್ಕಿಳಿಯತೊಡಗಿತು. ಏಟಿನ ಒತ್ತಡಕ್ಕೆ ಅದರ ಜೀವಕೋಶದೊಳಗಿನ ಗಾಳಿಗೂಡುಗಳು ಕುಸಿದಿದ್ದವು.

ಈ ಪಾಚಿಯ ಬಲವೆಲ್ಲ ಇರುವುದು ಆ ಗೂಡುಗಳಲ್ಲೇ. ಬಿಸಿಲು ಏರಿ ಗಾಳಿ ಬೀಸದ ದಿನಗಳಲ್ಲಿ ಆಳದ ಕೆರೆಯ ನೀರು ಎರಡು ಪದರವಾಗುತ್ತದೆ: ಮೇಲೆ ಬೆಚ್ಚನೆಯದು, ಕೆಳಗೆ ತಣ್ಣನೆಯದು. ಆಗ ಮೈಕ್ರೊಸಿಸ್ಟಿಸ್‌ನಂಥ ಪಾಚಿ ಮೇಲೆದ್ದು ಕೆನೆಗಟ್ಟಿ, ಬೆಳಕನ್ನೆಲ್ಲ ತಾನೇ ಹೀರಿ, ಕೆಳಗಿನ ಪಾಚಿಗಳನ್ನು ಕತ್ತಲಲ್ಲಿಡುತ್ತದೆ. ಅದರ ಕೆಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನೂ ಉತ್ಪಾದಿಸುತ್ತವೆ. ಸಿಲಿಕಾ ಕವಚದ ಡಯಾಟಮ್‌ಗಳದ್ದು ಇದಕ್ಕೆ ವಿರುದ್ಧ ಪಾಡು. ಭಾರವಾದ ಅವು ನಿಂತ ನೀರಲ್ಲಿ ಮುಳುಗುತ್ತವೆ, ಕಲಕಿದ ನೀರಲ್ಲಿ ತೇಲಿ ಬಾಳುತ್ತವೆ.

ಹಾಗಾದರೆ ಕೆರೆಯನ್ನೇ ಕಲಕಿದರೆ? ಆಮ್‌ಸ್ಟರ್‌ಡ್ಯಾಮ್‌ನ ನ್ಯೂವೆ ಮೇರ್ ಸರೋವರ ಕೆಲವೆಡೆ 30 ಮೀಟರ್ ಆಳ. ರಂಜಕ, ಸಾರಜನಕ ಹೇರಳವಾಗಿದ್ದ ಅಲ್ಲಿ ಬೇಸಿಗೆ ಬಂತೆಂದರೆ ಮೈಕ್ರೊಸಿಸ್ಟಿಸ್ ಕಾಟ. 1993ರಲ್ಲಿ ತಳದಲ್ಲಿ ತೂತಿನ ಕೊಳವೆಗಳನ್ನು ಹಾಸಿ, ಒತ್ತಡದ ಗಾಳಿ ಬಿಟ್ಟರು. ಏರುವ ಗುಳ್ಳೆಗಳು ತಳದ ತಣ್ಣೀರನ್ನೂ ತಮ್ಮೊಂದಿಗೆ ಮೇಲೆತ್ತಿದವು. ಪದರ ಕಟ್ಟುವುದು ನಿಂತಿತು. ಮೈಕ್ರೊಸಿಸ್ಟಿಸ್ ತೀರಾ ಇಳಿದು, ಹಸಿರು ಪಾಚಿ, ಡಯಾಟಮ್‌ಗಳು ಹೆಚ್ಚಿದವು. ಪೋಷಕಾಂಶ ಮಾತ್ರ ಹೇರಳವಾಗಿಯೇ ಇತ್ತು! ಕಲಕುವುದನ್ನು ನಿಲ್ಲಿಸಿ ನೋಡಿದರೆ ಮೈಕ್ರೊಸಿಸ್ಟಿಸ್ ಮತ್ತೆ ಮೇಲುಗೈ ಸಾಧಿಸುತ್ತಿತ್ತು. ಸಂಶೋಧಕ ಯೆಫ್ ಹೌಸ್‌ಮನ್ ಮತ್ತು ಸಂಗಡಿಗರು ಇದನ್ನು 2004ರಲ್ಲಿ ಪ್ರಕಟಿಸಿದರು. ಗುಳ್ಳೆ ಪಾಚಿಯನ್ನು ಕೊಲ್ಲಲಿಲ್ಲ, ತೇಲುವ ಪಾಚಿಗಿದ್ದ ಅನುಕೂಲವನ್ನು ಕಿತ್ತುಕೊಂಡಿತು, ಅಷ್ಟೆ.

ನಮ್ಮ ದೇಶದಲ್ಲಿ ನೈನಿತಾಲ್ ಸರೋವರದ ತಳಕ್ಕೂ 2007ರಿಂದ ಗಾಳಿ ಊದಲಾಗುತ್ತಿದೆ. ಆಳವಾದ ಆ ಸರೋವರದ ತಳದ ನೀರಿನಲ್ಲಿ ಆಮ್ಲಜನಕ ಇಲ್ಲವಾಗುತ್ತಿದ್ದುದು ಅದಕ್ಕೆ ಕಾರಣ. ತಳದಲ್ಲಿ ಆಮ್ಲಜನಕ ಉಳಿದರೆ ಕೆಸರಿನಿಂದ ರಂಜಕ ಬಿಡುಗಡೆಯಾಗುವುದೂ ತಗ್ಗುತ್ತದೆ.

ಬೆಂಗಳೂರಿನ ಕೆರೆಗಳ ಲೆಕ್ಕ ಬೇರೆ. ನ್ಯೂವೆ ಮೇರ್‌ನಲ್ಲಿ ಕಲಕಿದ ಪಾಚಿ ಹೆಚ್ಚು ಹೊತ್ತು ಕತ್ತಲ ಆಳದಲ್ಲಿ ಕಳೆಯಬೇಕಾಯಿತು. ಕೆಲವೇ ಮೀಟರ್ ಆಳದ ನಮ್ಮ ಕೆರೆಯಲ್ಲಿ ಎಷ್ಟು ಕಲಕಿದರೂ ಪಾಚಿಗೆ ಬೆಳಕು ಸಿಗುತ್ತಲೇ ಇರುತ್ತದೆ. ಕೆರೆಗೆ ಹಾಕುವ ಕಾರಂಜಿ ಒಂದಿಷ್ಟು ಆಮ್ಲಜನಕ ಬೆರೆಸೀತು, ಮೀನುಗಳಿಗೆ ಉಸಿರಾದೀತು. ಆದರೆ ರಾಜಕಾಲುವೆಯಲ್ಲಿ ಚರಂಡಿ ನೀರು ಹರಿದು ಬರುತ್ತಿರುವಷ್ಟು ಕಾಲ ಪಾಚಿಗೆ ಊಟದ ಕೊರತೆಯಿಲ್ಲ. ಕೆರೆಗೆ ಯಂತ್ರ ಇಳಿಸುವ ಮುನ್ನ ನೀರಿನ ಆಳ ಅಳೆಯಬೇಕು, ಕೋಡಿಗಿಂತ ಮೊದಲು ಒಳಹರಿವಿನ ಬಾಯಿಯತ್ತ ಹೋಗಿ ನೋಡಬೇಕು.