ಗಣಕದ ನಗರವೂ ಕೆರೆಯ ನೊರೆಯೂ

ಕೈಗಾರಿಕೆ ಎಂದೊಡನೆ ಹೊಗೆಯುಗುಳುವ ಚಿಮಣಿ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಗಣಕಯಂತ್ರವನ್ನು ನಂಬಿ ಬೆಳೆದ ಉದ್ಯಮಕ್ಕೆ ಚಿಮಣಿಯಿಲ್ಲ. ಅದು ತಯಾರಿಸುವ ಸರಕಿಗೆ ತೂಕವೂ ಇಲ್ಲ. ಆದುದರಿಂದ ಅದು ನಗರದ ನೀರು ಗಾಳಿಗಳನ್ನು ಕೆಡಿಸಲಾರದೆಂದು ಭಾವಿಸುವುದು ಸಹಜ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಕಂಡವರು ಹಾಗೆ ಭಾವಿಸಲಾರರು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. ಅದರ ಬೆನ್ನಿಗೆ ಅನೇಕ ಸಂಸ್ಥೆಗಳು ಬಂದವು. ಉದ್ಯೋಗವನ್ನರಸಿ ಜನರೂ ಬಂದರು. 1981ರಲ್ಲಿ ಸುಮಾರು 29 ಲಕ್ಷವಿದ್ದ ನಗರದ ಜನಸಂಖ್ಯೆ 2011ರ ವೇಳೆಗೆ 84 ಲಕ್ಷವನ್ನು ದಾಟಿತು. ಈ ಏರಿಕೆಗೆಲ್ಲ ಗಣಕವೊಂದೇ ಕಾರಣವಲ್ಲ. ಆದರೂ ಅದರ ಪಾಲು ಸಣ್ಣದಲ್ಲ.

ಇಷ್ಟು ಜನಕ್ಕೆ ನೀರೆಲ್ಲಿಂದ? ಸುಮಾರು 100 ಕಿಲೋಮೀಟರು ದೂರದ ಕಾವೇರಿಯ ನೀರನ್ನು ಸುಮಾರು 500 ಮೀಟರು ಎತ್ತರಕ್ಕೆ ಪಂಪುಗಳಿಂದ ಏರಿಸಿ ತರಲಾಗುತ್ತದೆ. ಹೀಗೆ ಮನೆಗೆ ಬಂದ ನೀರಿನ ಐದು ಪಾಲಿನಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬೀಳುವುದೆಂದು ಎಂಜಿನಿಯರುಗಳು ಲೆಕ್ಕಹಾಕುತ್ತಾರೆ. ಊರು ಬೆಳೆದ ವೇಗದಲ್ಲಿ ಶುದ್ಧೀಕರಣ ಸ್ಥಾವರಗಳು ಬೆಳೆಯಲಿಲ್ಲ. ಮಳೆನೀರನ್ನು ಒಯ್ಯಬೇಕಾದ ರಾಜಕಾಲುವೆಗಳು ಕೊಳಚೆಯನ್ನು ಹೊತ್ತು ಕೆರೆಗೆ ಸುರಿದವು.

ಈ ಕೊಳಚೆಯಲ್ಲಿ ಬಟ್ಟೆ ಪಾತ್ರೆಗಳನ್ನು ತೊಳೆದ ಮಾರ್ಜಕವೂ ಇರುತ್ತದೆ. ಮಾರ್ಜಕದ ಅಣುವಿನ ಒಂದು ತುದಿಗೆ ನೀರು ಇಷ್ಟ; ಇನ್ನೊಂದಕ್ಕೆ ಜಿಡ್ಡು ಇಷ್ಟ. ಈ ಗುಣದಿಂದಲೇ ಅದು ಕೊಳೆಯನ್ನು ತೆಗೆಯುತ್ತದೆ. ಗಾಳಿ ಬೆರೆತಾಗ ಗುಳ್ಳೆ ಒಡೆಯದಂತೆ ಹಿಡಿದು ನೊರೆ ಕಟ್ಟುವುದೂ ಇದರಿಂದಲೇ.

ಇಲ್ಲೊಂದು ಸೋಜಿಗವುಂಟು. ಮಳೆ ಬಂದರೆ ನೀರು ತಿಳಿಯಾಗಿ ನೊರೆ ಕುಗ್ಗಬೇಕಲ್ಲವೆ? ಬೆಳ್ಳಂದೂರಿನಲ್ಲಿ ಜೋರುಮಳೆಯ ಬಳಿಕ ನೊರೆ ಹೆಚ್ಚುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದರ ಮರ್ಮವನ್ನು ಬಿಡಿಸಿದರು. ಕೊಳೆತು ಕರಗದ ಮಾರ್ಜಕವು ಕೆಸರಿಗಂಟಿ ಕೆರೆಯ ತಳದಲ್ಲಿ ಸಂಚಯವಾಗುತ್ತದೆ. ಮಳೆಯ ಪ್ರವಾಹವು ಆ ಕೆಸರನ್ನು ಕದಡುತ್ತದೆ. ಬಿಡುಗಡೆಗೊಂಡ ಮಾರ್ಜಕ ಕೋಡಿಯಲ್ಲಿ ಧುಮುಕುವಾಗ ಗಾಳಿಯೊಡನೆ ಬೆರೆತು ನೊರೆಯ ಬೆಟ್ಟವಾಗುತ್ತದೆ. ನೀರಿನಲ್ಲಿ ತೇಲುವ ಕಣಗಳೂ ಬ್ಯಾಕ್ಟೀರಿಯಗಳೂ ಆ ನೊರೆಯನ್ನು ಬೇಗ ಅಳಿಯಗೊಡವು.

ನೊರೆಯು ರಸ್ತೆಗೂ ಹಾರಿತು. 2015ರಲ್ಲಿ ಈ ಕೆರೆಗೆ ಬೆಂಕಿಯೂ ಹತ್ತಿತು. 2017 ಮತ್ತು 2018ರಲ್ಲಿ ಮತ್ತೆ ಉರಿ ಕಾಣಿಸಿತು. ಕೆಳಗಿನ ವರ್ತೂರು ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಹರಿಯುವುದು ಇದೇ ನೀರು. ಗಣಕದ ಮುಖವನ್ನೇ ಕಾಣದ ರೈತನೂ ಅದರ ನಗರದ ಕೊಳೆಗೆ ಪಾಲುದಾರನಾದನು.

ಕೆರೆಗೆ ಬರುವ ಕೊಳಚೆಯನ್ನು ಶುದ್ಧಗೊಳಿಸಿದರಷ್ಟೇ ಸಾಲದು. ವರ್ಷಗಳಿಂದ ಮಾರ್ಜಕವನ್ನು ಕೂಡಿಟ್ಟ ಹೂಳನ್ನೂ ತೆಗೆಯಬೇಕು. ಅದಕ್ಕೂ ಮಿಗಿಲಾಗಿ, ಹೊಸ ಕಚೇರಿಗೆ ಅನುಮತಿ ಕೊಡುವ ಮೊದಲು, ಅದು ಕರೆತರುವ ಜನರ ಬಚ್ಚಲ ನೀರು ಎಲ್ಲಿಗೆ ಹೋಗುವುದೆಂದು ಕೇಳಬೇಕು. ಆ ಪ್ರಶ್ನೆಯನ್ನು ನಾವು ಕೇಳದಿದ್ದಾಗ ಕೆರೆಯೇ ಉತ್ತರ ಕೊಟ್ಟಿದೆ.