ನೋವಾ ಇ-ಸ್ಪೋರ್ಟ್ಸ್: ಮೊಬೈಲ್ ಆಟದ ವಿಶ್ವವಿಜೇತರು

ವೃತ್ತಿಪರ ಆಟಗಾರರು ಬಹುಮಾನಕ್ಕಾಗಿ ಸೆಣಸುವ ವಿಡಿಯೊ ಗೇಮ್ ಸ್ಪರ್ಧೆಗಳನ್ನು ಇ-ಸ್ಪೋರ್ಟ್ಸ್ ಎನ್ನಲಾಗುತ್ತದೆ. ಇವು ಬಹುಕಾಲ ಹೆಚ್ಚಾಗಿ ಕಂಪ್ಯೂಟರು, ಕನ್ಸೋಲ್‌ಗಳನ್ನು ಅವಲಂಬಿಸಿದ್ದವಾದರೂ, 2016ರಲ್ಲಿ ಹುಟ್ಟಿದ ಚೀನಾದ ನೋವಾ ಇ-ಸ್ಪೋರ್ಟ್ಸ್ ಸಂಸ್ಥೆ ಮೊಬೈಲ್ ಆಟಗಳಿಂದಲೇ ಹೆಸರು ಗಳಿಸಿತು. ಕಾರ್ಡುಗಳ ಮೂಲಕ ಪಡೆಗಳನ್ನು ಇಳಿಸಿ ಎದುರಾಳಿಯ ಗೋಪುರಗಳನ್ನು ಕೆಡಹುವ ಕ್ಲ್ಯಾಶ್ ರಾಯಲ್ ಆಟದ ಲೀಗ್ ವಿಶ್ವ ಫೈನಲನ್ನು ಅದು 2018ರಲ್ಲಿ ಟೋಕಿಯೊದಲ್ಲಿ ಗೆದ್ದಿತು.

ಆದರೆ ಸಂಸ್ಥೆಯ ಕೀರ್ತಿ ಶಿಖರ ಮುಟ್ಟಿದ್ದು ಪಬ್‌ಜಿ ಮೊಬೈಲ್ ಆಟದಲ್ಲಿ. ತಲಾ ನಾಲ್ವರಿರುವ 16 ತಂಡಗಳು ಒಂದೇ ರಣಕಣಕ್ಕಿಳಿದು, ಆಯುಧಗಳನ್ನು ಹುಡುಕಿಕೊಂಡು, ಕುಗ್ಗುತ್ತಲೇ ಹೋಗುವ ಸುರಕ್ಷಿತ ವಲಯದೊಳಗೆ ಕೊನೆಯವರೆಗೆ ಉಳಿಯಲು ಹೋರಾಡುವ ಈ ಸ್ಪರ್ಧೆಯಲ್ಲಿ, ಎದುರಾಳಿಗಳನ್ನು ಕೆಡಹಿದ್ದಕ್ಕೂ ಹೆಚ್ಚು ಹೊತ್ತು ಉಳಿದದ್ದಕ್ಕೂ ಅಂಕಗಳುಂಟು. ವಲಯ ಯಾವ ಕಡೆಗೆ ಸರಿಯುವುದೆಂಬುದು ಅದೃಷ್ಟಕ್ಕೆ ಬಿಟ್ಟದ್ದಾದ್ದರಿಂದ ಯಾವುದೇ ಒಂದು ಪಂದ್ಯವನ್ನು ಯಾರಾದರೂ ಗೆಲ್ಲಬಹುದು; ಹಲವು ದಿನಗಳ ಒಟ್ಟು ಅಂಕಗಳಲ್ಲಿ ಮುಂದಿರಲು ಮಾತ್ರ ಶಿಸ್ತು, ಸಂಯಮ, ಪರಸ್ಪರ ನಂಬಿಕೆ ಬೇಕು. 2020ನೇ ಋತುವಿನ ಜಾಗತಿಕ ಚಾಂಪಿಯನ್‌ಶಿಪ್ಪನ್ನು 2021ರ ಜನವರಿಯಲ್ಲಿ ದುಬೈನಲ್ಲಿ ಗೆದ್ದ ನೋವಾ, ಮರುವರ್ಷವೂ ಅದನ್ನು ಉಳಿಸಿಕೊಂಡದ್ದು ಈ ಕಾರಣದಿಂದಲೇ ನಿಜಕ್ಕೂ ಅಸಾಧಾರಣ ಸಾಧನೆ. ‘ಪ್ಯಾರಾಬಾಯ್’ ಎಂಬ ಆಟದ ಹೆಸರಿನ ಆಟಗಾರ ಅದರ ದಾಳಿಯ ಮುಂಚೂಣಿಯಲ್ಲಿದ್ದು ಜಗತ್ಪ್ರಸಿದ್ಧನಾದ.

ಭಾರತ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲನ್ನು ನಿಷೇಧಿಸಿದ್ದರಿಂದ ದುಬೈ ಕಣದಲ್ಲಿ ಭಾರತೀಯ ತಂಡಗಳಿರಲಿಲ್ಲ. 2021ರ ಜುಲೈಯಲ್ಲಿ ಕ್ರಾಫ್ಟನ್ ಸಂಸ್ಥೆ ಭಾರತಕ್ಕೆಂದೇ ರೂಪಿಸಿದ ಬಿಜಿಎಂಐ ಎಂಬ ಅದರ ಆವೃತ್ತಿ ಬಿಡುಗಡೆಯಾದ ಮೇಲೆಯೇ ಇಲ್ಲಿನ ಆಟಗಾರರಿಗೆ ಮತ್ತೆ ದಾರಿ ತೆರೆಯಿತು.